ಅರಕಿಲ್ಲೆಯ ಬಾಗಿಲು ಹಿಡಿದವನದೇ ವಿಜಯಪುರ

ವಿಜಯಪುರಕ್ಕೆ ಬಂದವರು ಗೋಳಗುಮ್ಮಟ ಹತ್ತಿ, ಕೂಗಿ, ಪ್ರತಿಧ್ವನಿ ಎಣಿಸಿ, ಇಬ್ರಾಹಿಂ ರೋಜಾದ ಮುಂದೆ ಫೋಟೊ ತೆಗೆಸಿಕೊಂಡು ಸಂಜೆಯ ಬಸ್ಸು ಹಿಡಿಯುತ್ತಾರೆ. ತಪ್ಪೇನಿಲ್ಲ. ಆದರೆ ಆದಿಲಶಾಹಿ ಸರದಾರರ ಬಣಗಳು ಒಂದರ ಮೇಲೊಂದು ಬಿದ್ದು ಕಡಿದಾಡಿದ ಜಾಗಗಳನ್ನು ನೋಡಬೇಕೆನ್ನುವವರು ಗೋಳಗುಮ್ಮಟವನ್ನು ಬಿಟ್ಟು ಬಸ್ ನಿಲ್ದಾಣಕ್ಕೆ ಹತ್ತಿರದ ಅರಕಿಲ್ಲೆಯಿಂದ, ಅಂದರೆ ಅರಮನೆಗಳಿದ್ದ ಒಳಕೋಟೆಯಿಂದ, ಶುರು ಮಾಡಬೇಕು. ನವೆಂಬರ್‌ನಿಂದ ಫೆಬ್ರವರಿವರೆಗಿನ ದಿನಗಳು ಒಳ್ಳೆಯವು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಕರಿಕಲ್ಲು ಕಾದು ಬರಿಗಾಲಿಡಲಾಗುವುದಿಲ್ಲ. ಬುರುಜುಗಳ ಮೇಲೆ ನೆರಳೆಂಬುದಿಲ್ಲ. ಬೆಳಗಿನ ಏಳಕ್ಕೆ ಹೊರಟರೆ ಮಧ್ಯಾಹ್ನದ ಹೊತ್ತಿಗೆ ಊರೊಳಗಿನದು ಮುಗಿಯುತ್ತದೆ.

ಹೊರಡುವ ಮುಂಚೆ ಬಣಗಳ ಗುರುತು ಇರಬೇಕು. ಪರ್ಷಿಯಾ, ಇರಾಕ್, ತುರ್ಕಿ ಕಡೆಯಿಂದ ಬಂದವರು ಅಫಾಕಿಗಳು. ಇವರಲ್ಲಿ ಶಿಯಾಗಳೇ ಹೆಚ್ಚು. ಇಲ್ಲೇ ಹುಟ್ಟಿ ಬೆಳೆದ ಮುಸ್ಲಿಂ ಸರದಾರರು ದಖನಿಗಳು. ಇವರಲ್ಲಿ ಸುನ್ನಿಗಳು ಹೆಚ್ಚು. ಆಫ್ರಿಕದಿಂದ ಗುಲಾಮರಾಗಿ ಬಂದು ಸೇನಾಪತಿಗಳಾದ ಹಬ್ಶಿಗಳು ಬಹುಮಟ್ಟಿಗೆ ದಖನಿಗಳ ಕಡೆ. ಕೊನೆಗಾಲಕ್ಕೆ ಅಫ್ಘನ್ನರದೇ ಒಂದು ಬಣವಾಯಿತು. ಶಿಯಾ-ಸುನ್ನಿ ಜಗಳ ಎಂದಷ್ಟೇ ಹೇಳಿ ಮುಗಿಸುವ ಗೈಡುಗಳ ಮಾತು ಅರ್ಧ ಸತ್ಯ. ಹಬ್ಶಿಯನ್ನು ಹಬ್ಶಿಯೇ ಕುರುಡಾಗಿಸಿದ ಊರಿದು. ಸೈನ್ಯ ಸುಲ್ತಾನನದಾಗಿರಲಿಲ್ಲ. ಒಬ್ಬೊಬ್ಬ ಸರದಾರ ತನ್ನ ಜಹಗೀರಿನ ಉತ್ಪನ್ನದಿಂದ ತನ್ನ ಕುದುರೆ ಸವಾರರನ್ನು ಸಾಕುತ್ತಿದ್ದ, ಸವಾರರ ನಿಷ್ಠೆಯೂ ಪಗಾರ ಕೊಟ್ಟವನಿಗೇ. ಪಟ್ಟದಲ್ಲಿ ಮಗು ಕೂತಾಗ ಆ ಮಗು, ಅದರ ಮುದ್ರೆ, ಅರಕಿಲ್ಲೆಯ ಬಾಗಿಲು ಯಾರ ಕೈಯಲ್ಲಿವೆಯೋ ಅವನೇ ರಾಜ್ಯ.

ಅರಕಿಲ್ಲೆಯ ದಕ್ಷಿಣ ಬಾಗಿಲಿನ ಒಳಗೆ, 1320ರ ಕರೀಮುದ್ದೀನ್ ಮಸೀದಿಯ ಹತ್ತಿರ, ಹಳೆಯ ದೇಗುಲಗಳ ಕಂಬಗಳು ಕಾಣುತ್ತವೆ. 1511ರ ಗಲಭೆ ಈ ಸುತ್ತುಗೋಡೆಯೊಳಗಿನದು. ಆದಿಲಶಾಹಿ ಮನೆತನದ ಮೊದಲ ಸುಲ್ತಾನ ಯೂಸುಫ್ ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದ ಇಸ್ಮಾಯಿಲ್ ಇನ್ನೂ ಹುಡುಗ. ಆಡಳಿತ ನಡೆಸುತ್ತಿದ್ದ ಕಮಾಲ್ ಖಾನ್ ದಖನಿ ತಾನೇ ಸಿಂಹಾಸನ ಏರಲು ಹೊಂಚಿದ. ಮರಾಠ ಮನೆತನದ ಮಗಳೆಂದು ಹೇಳಲಾಗುವ ರಾಜಮಾತೆ ಪೂಂಜಿ ಖಾತೂನ್ ಯೂಸುಫ್ ತುರ್ಕ ಎಂಬವನನ್ನು ಅವನ ಬಳಿ ಕಳಿಸಿದಳು. ಮಕ್ಕಾ ಯಾತ್ರೆಗೆ ಅಪ್ಪಣೆ ಬೇಡುವ ನೆಪ. ಬೀಳ್ಕೊಡುಗೆಯ ವೀಳ್ಯ ಕೊಡಲು ಕಮಾಲ್ ಖಾನ್ ಕೈ ಚಾಚಿದಾಗ ಯೂಸುಫ್ ತುರ್ಕ ಕಠಾರಿ ಇಳಿಸಿದ. ಕಮಾಲ್‌ನ ತಾಯಿ ಮಗನ ಸಾವನ್ನು ಮುಚ್ಚಿಟ್ಟು, ಹೆಣವನ್ನು ಬದುಕಿರುವವನಂತೆ ಕೂರಿಸಿ, ಮೊಮ್ಮಗ ಸಫ್ದರ್ ಖಾನನನ್ನು ಅರಮನೆಯ ಮೇಲೆ ಬಿಟ್ಟಳು. ಒಳಗೆ ದಿಲ್ಶಾದ್ ಆಗಾ ಎಂಬ ಹೆಣ್ಣುಮಗಳು ಕವಚ ತೊಟ್ಟು ಬಿಲ್ಲು ಹಿಡಿದು ನಿಂತಳು. ಕಣ್ಣಿಗೆ ಬಾಣ ತಗುಲಿ ಗೋಡೆಯ ಬುಡಕ್ಕೆ ಸರಿದ ಸಫ್ದರ್‌ನ ಮೇಲೆ ಹುಡುಗ ಸುಲ್ತಾನನೇ ಕಲ್ಲುರುಳಿಸಿ ಕೊಂದ. ಇದು ಇತಿಹಾಸಕಾರ ಫೆರಿಷ್ತಾ ಬರೆದದ್ದು. ಮುಕ್ಕಾಲು ಶತಮಾನಕ್ಕೂ ಆಚೆ ಇದೇ ಊರಿನ ದರಬಾರಿನಲ್ಲಿದ್ದು ಬರೆದದ್ದು. ಬಣ್ಣ ಸೇರಿದ್ದೀತು, ಆದರೂ ಬಾಗಿಲ ಲೆಕ್ಕ ಸುಳ್ಳಲ್ಲ. ಆಮೇಲೆ ಇಸ್ಮಾಯಿಲ್ ಅಫಾಕಿಗಳನ್ನು ತುಂಬಿಕೊಂಡು ಸೈನಿಕರಿಗೆ ಹನ್ನೆರಡು ಮೂಲೆಯ ಶಿಯಾ ಟೊಪ್ಪಿಗೆ ತೊಡಿಸಿದ. 1534ರಲ್ಲಿ ಬಂದ ಮೊದಲನೇ ಇಬ್ರಾಹಿಂ ಟೊಪ್ಪಿಗೆ ತೆಗೆಸಿದ, ಅಫಾಕಿಗಳಲ್ಲಿ 400 ಮಂದಿಯನ್ನಷ್ಟೇ ಉಳಿಸಿಕೊಂಡ, ಲೆಕ್ಕಪತ್ರವನ್ನು ಪಾರ್ಸಿಯಿಂದ ಮರಾಠಿಗೆ ತಿರುಗಿಸಿದ. ಹೀಗೆ ಕಳಚಿ ಹೋದವರು ಸುಮ್ಮನಿರುವರೇ? ನೆರೆಯ ಸುಲ್ತಾನರ ಪಡೆಗಳನ್ನು ಸೇರಿದರು, ಅಳಿಯ ರಾಮರಾಯನ ಕಡೆಗೂ ಹೋದರು.

ಮುಂದೆ ಗಗನ ಮಹಲ್. 1561ರ ಕಟ್ಟಡ; ನಡುವಿನ ಕಮಾನಿನ ಅಗಲ 60 ಅಡಿಗೂ ಸ್ವಲ್ಪ ಹೆಚ್ಚು. ಛಾವಣಿ ಇಲ್ಲ. 1580ರ ಏಪ್ರಿಲ್‌ನಲ್ಲಿ ಒಂದನೇ ಅಲಿ ಕೊಲೆಯಾದಾಗ ಪಟ್ಟಕ್ಕೆ ಬಂದ ಎರಡನೇ ಇಬ್ರಾಹಿಂಗೆ ಒಂಬತ್ತು ವರ್ಷ. ಹುಡುಗನ ಪಾಲನೆ ಅಲಿಯ ವಿಧವೆ ಚಾಂದ್ ಬೀಬಿಯದು, ಆಡಳಿತ ಕಾಮಿಲ್ ಖಾನ್ ದಖನಿಯದು. ಕೆಲವೇ ತಿಂಗಳಲ್ಲಿ ಇಬ್ಬರಿಗೂ ಕೆಟ್ಟಿತು. ಬೀಬಿ ಕಿಶ್ವರ್ ಖಾನನನ್ನು ಎತ್ತಿ ಕಟ್ಟಿದಳು, ಕಾಮಿಲ್ ಸತ್ತ. ಕಿಶ್ವರ್ ಬಂಕಾಪುರದಲ್ಲಿದ್ದ ಮುಸ್ತಫಾ ಖಾನ್ ಅರ್ದಿಸ್ತಾನಿಯನ್ನು ಕೊಲ್ಲಿಸಿ, ಬೀಬಿಯನ್ನೇ ಸಾತಾರಾ ಕೋಟೆಗೆ ಸೆರೆ ಕಳಿಸಿದ. ಊರು ತಿರುಗಿಬಿತ್ತು. ಇಖ್ಲಾಸ್ ಖಾನ್, ಹಮೀದ್ ಖಾನ್, ದಿಲಾವರ್ ಖಾನ್ ಎಂಬ ಮೂವರು ಹಬ್ಶಿಗಳು ಬಂದರು, ಕಿಶ್ವರ್ ಓಡಿದ, ಬೀಬಿ ಬಿಡುಗಡೆಯಾದಳು. ಒಳಜಗಳದ ವಾಸನೆ ಹತ್ತಿ ಅಹಮದನಗರ, ಗೋಲ್ಕೊಂಡದ ಪಡೆಗಳು ಬಂದು ಊರು ಮುತ್ತಿದವು. ಮಳೆಯಲ್ಲಿ ಕೋಟೆಗೋಡೆ ಕುಸಿದಾಗ ಬೀಬಿ ರಾತ್ರಿ ತಾನೇ ನಿಂತು ದುರಸ್ತಿ ಮಾಡಿಸಿದಳೆಂಬ ಮಾತಿದೆ. ಮುತ್ತಿಗೆ ತೆಗೆಯುತ್ತಿದ್ದಂತೆ ಹಬ್ಶಿಗಳಲ್ಲೇ ಒಡಕು. 1582ರಲ್ಲಿ ದಿಲಾವರ್, ಇಖ್ಲಾಸ್ ಖಾನನ ಕಣ್ಣು ಕೀಳಿಸಿ 1590ರವರೆಗೆ ಆಳಿದ. ಕೊನೆಗೆ ಬೆಳೆದು ನಿಂತ ಇಬ್ರಾಹಿಂನೇ ದಿಲಾವರ್‌ನ ಕಣ್ಣು ಕೀಳಿಸಿ ಸಾತಾರಾಕ್ಕೆ ಕಳಿಸಿದ. ಪಕ್ಕದ ಸಾತ್ ಮಂಜಿಲ್ (1583) ದಿಲಾವರ್ ಕಾಲದ್ದು.

ಇಲ್ಲಿಂದ ಪಶ್ಚಿಮಕ್ಕೆ, ಟಾಂಗಾ ಸಿಕ್ಕರೆ ಟಾಂಗಾದಲ್ಲಿ, ಊರ ಕೋಟೆಗೋಡೆಗೆ ಹೋಗಬೇಕು. ಸುಮಾರು 10 ಕಿ.ಮೀ. ಸುತ್ತಳತೆ, 96 ಬುರುಜು. ಎರಡು ಕಲ್ಲುಗೋಡೆಗಳ ನಡುವೆ ಮಣ್ಣು ತುಂಬಿ ಎಬ್ಬಿಸಿದ ಕಟ್ಟು. ಹೊರಗೆ 40ರಿಂದ 50 ಅಡಿ ಅಗಲದ ಕಂದಕ. ಒಂದೊಂದು ತುಂಡು ಒಂದೊಂದು ತರಹ ಕಾಣುವುದಕ್ಕೆ ಕಾರಣವಿದೆ. ವಿಜಯನಗರದ ವಿರುದ್ಧದ 1565ರ ಯುದ್ಧದ ನಂತರ ಒಂದನೇ ಅಲಿ ಒಬ್ಬೊಬ್ಬ ಸರದಾರನಿಗೆ ಒಂದೊಂದು ಭಾಗ ವಹಿಸಿದ. ಹಂಚುವಾಗ ಹೈದರ್ ಖಾನ್ ಊರಲ್ಲಿರಲಿಲ್ಲವಂತೆ. ಬಂದು ಮುನಿಸಿಕೊಂಡವನಿಗೆ ಎಲ್ಲರದಕ್ಕಿಂತ ಎತ್ತರದ ಬುರುಜು ಕಟ್ಟಲು ಅಪ್ಪಣೆ ಸಿಕ್ಕಿತು. ಅದೇ ಉಪ್ಪಲಿ ಬುರುಜು. ಎತ್ತರ ಸುಮಾರು 80 ಅಡಿ. ಹೊರಮೈಗೆ ಸುತ್ತಿಕೊಂಡ ಸುಮಾರು 70 ಮೆಟ್ಟಿಲು. ಮೇಲಿರುವ ಉದ್ದನೆಯ ತೋಪು 30 ಅಡಿಗೂ ಮಿಗಿಲು. ಎರಕದ್ದಲ್ಲ, ಕಬ್ಬಿಣದ ಪಟ್ಟಿಗಳನ್ನು ಬಳೆಗಳಿಂದ ಬಿಗಿದದ್ದು. ನಮ್ಮ ಲೆಕ್ಕದಲ್ಲಿ ಇಡೀ ಊರಿನಲ್ಲಿ ಬಣಗಳ ಪೈಪೋಟಿಯನ್ನು ಕಣ್ಣಾರೆ ಕಾಣಬಹುದಾದ ಜಾಗ ಇದೊಂದೇ.

ಶೆರ್ಜಾ ಬುರುಜಿನ ಮಲಿಕ್-ಎ-ಮೈದಾನ್ ತೋಪು ಎಲ್ಲರಿಗೂ ಗೊತ್ತು: 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. 1632ರಲ್ಲಿ ಪರಾಂಡಾ ಕೋಟೆಯಿಂದ ಅದನ್ನು ತಂದ ಮುರಾರಿ ಪಂಡಿತ, ವಜೀರ ಖವಾಸ್ ಖಾನನ ಬಲಗೈ. ಇವರಿಬ್ಬರ ಎದುರು ಬಣದವನು ಮುಸ್ತಫಾ ಖಾನ್. ಅವನನ್ನು ಬೆಳಗಾವಿ ಕೋಟೆಯಲ್ಲಿ ಕೂಡಿ ಹಾಕಿದ್ದರು. 1635ರಲ್ಲಿ ಚಕ್ರ ತಿರುಗಿತು. ಖವಾಸ್ ಖಾನನೂ ಮುರಾರಿಯೂ ಕೊಲೆಯಾದರು, ಮುಸ್ತಫಾ ಬಿಡುಗಡೆಯಾಗಿ ಬಂದ. ಅವನು ಕಟ್ಟಿಸಿದ ಸರಾಯಿ, ಅಂದರೆ ಪ್ರಯಾಣಿಕರ ಛತ್ರ, ಈಗಿನ ದರ್ಗಾ ಜೈಲು. ಒಳಗೆ ಬಿಡುವುದಿಲ್ಲ, ಹೊರಗಿನಿಂದಲೂ ಕ್ಯಾಮೆರಾ ಎತ್ತದಿರುವುದು ಲೇಸು.

ಜೋಡ ಗುಮ್ಮಟಕ್ಕೆ ಚಪ್ಪಲಿ ಕಳಚಿ ಹೋಗಬೇಕು. ಅಬ್ದುಲ್ ರಜಾಕ್ ಖಾದ್ರಿಯವರ ದರ್ಗಾಕ್ಕೆ ಇಂದಿಗೂ ಭಕ್ತರು ನಡೆದುಕೊಳ್ಳುತ್ತಾರೆ. ಪಕ್ಕದ ಎಂಟು ಮುಖದ ಗುಮ್ಮಟದಲ್ಲಿರುವವರು 1657ರಲ್ಲಿ ಮೆಕ್ಕಾ ದರವಾಜೆಯ ಹತ್ತಿರ ಕೊಲೆಯಾದ ಖಾನ್ ಮುಹಮ್ಮದ್ ಮತ್ತು ಅವನ ಮಗ, ಇನ್ನೊಬ್ಬ ಖವಾಸ್ ಖಾನ್. ಈ ಮಗನ ಕಾಲದಿಂದಲೇ ರಾಜ್ಯದ ಕೊನೆಯ ಅಂತರ್ಯುದ್ಧ. 1672ರಲ್ಲಿ ಪಟ್ಟಕ್ಕೆ ಬಂದ ಕೊನೆಯ ಸುಲ್ತಾನ ಸಿಕಂದರನಿಗೆ ನಾಲ್ಕು ವರ್ಷ. ಅಧಿಕಾರವನ್ನು ಹಂಚಿಕೊಳ್ಳೋಣವೆಂದು ಉಳಿದ ಸರದಾರರಿಗೆ ಮಾತು ಕೊಟ್ಟ ಖವಾಸ್ ಖಾನ್ ಎಲ್ಲವನ್ನೂ ತಾನೇ ಇಟ್ಟುಕೊಂಡ. 1675ರ ನವೆಂಬರ್‌ನಲ್ಲಿ ಅಫ್ಘನ್ ಸರದಾರ ಬಹ್ಲೋಲ್ ಖಾನ್ ಅವನನ್ನು ಔತಣಕ್ಕೆ ಕರೆದು, ಕುಡಿಸಿ, ಕಟ್ಟಿಹಾಕಿ ಬಂಕಾಪುರಕ್ಕೆ ಸಾಗಿಸಿದ. ಅಫ್ಘನ್ನರ ಖಿಜ್ರ್ ಖಾನ್ ದಖನಿಯೊಬ್ಬನ ಕೈಯಲ್ಲಿ ಸತ್ತಾಗ, ಸೇಡಿಗೆ 1676ರ ಜನವರಿಯಲ್ಲಿ ಖವಾಸ್ ಖಾನನನ್ನು ಮುಗಿಸಿದರು. ದಖನಿಗಳು ಶೆರ್ಜಾ ಖಾನನ ಹಿಂದೆ ಊರು ಬಿಟ್ಟು ಮೊಗಲರ ಬೆಂಬಲ ತಂದರು. ಆ ಜೂನ್‌ನಲ್ಲಿ ಇಂಡಿ ಕಡೆಯ ಕಾಳಗದಲ್ಲಿ ಮೊಗಲ್ ಸರದಾರ ಇಸ್ಲಾಂ ಖಾನ್ ಬಿದ್ದ.

ಇಲ್ಲಿ ಕೆಟ್ಟದ್ದು ಕತ್ತಿಯಿಂದಲ್ಲ, ಪಗಾರದಿಂದ. 1677ರ ಡಿಸೆಂಬರ್‌ನಲ್ಲಿ ಬಹ್ಲೋಲ್ ಸತ್ತಾಗ ಅವನ ಅಫ್ಘನ್ನರಿಗೆ ಕೊಡಬೇಕಾದ ಬಾಕಿ ಬೆಟ್ಟದಷ್ಟಿತ್ತು. ಆದವಾನಿಯ ಸಿದ್ದಿ ಮಸೂದ್ ಆ ಬಾಕಿ ತೀರಿಸುವ ಕರಾರಿನ ಮೇಲೆ ಅಧಿಕಾರಕ್ಕೆ ಬಂದ. ಕಿಲ್ಲೆ ಜಮ್ಶೀದ್ ಖಾನನ ವಶದಲ್ಲಿತ್ತು. ಮಸೂದ್ ತಾನು ಸತ್ತೆನೆಂದು ಸುದ್ದಿ ಹಬ್ಬಿಸಿ, ಸುಳ್ಳು ಶವಯಾತ್ರೆ ಹೊರಡಿಸಿದ. ನಂಬಿದ ಜಮ್ಶೀದ್ ಅವನ ಸೈನಿಕರನ್ನೇ ಚಾಕರಿಗೆ ಇಟ್ಟುಕೊಂಡ; ಅವರು 1678ರ ಫೆಬ್ರವರಿಯಲ್ಲಿ ಒಳಗಿನಿಂದ ಬಾಗಿಲು ತೆಗೆದರು. ಬಾಕಿ ಮಾತ್ರ ತೀರಲಿಲ್ಲ. ಸೈನಿಕರು ಶ್ರೀಮಂತರ ಮನೆ ಹೊಕ್ಕು ವಸೂಲಿಗೆ ಕೂತರು. ಮರುವರ್ಷ ಮೊಗಲರ ದಿಲೇರ್ ಖಾನ್ ಬಂದು, ಅಥಣಿ ರಸ್ತೆಯಲ್ಲಿ ಸುಮಾರು 20 ಕಿ.ಮೀ. ದೂರದ ಟಿಕೋಟಾ ಲೂಟಿ ಮಾಡಿದಾಗ ಹೆಂಗಸರು ಮಕ್ಕಳೊಂದಿಗೆ ಬಾವಿಗೆ ಹಾರಿದರು. 1686ರ ಸೆಪ್ಟೆಂಬರ್‌ನಲ್ಲಿ ಊರು ಔರಂಗಜೇಬನ ಪಾಲಾಯಿತು. ಸಿಕಂದರ ಗಗನ ಮಹಲಿನಲ್ಲಿ ಬೆಳ್ಳಿ ಸರಪಳಿ ತೊಟ್ಟು ಶರಣಾದ ಎನ್ನುವುದು ಗೈಡುಗಳ ಕಥೆ. ಅವನು ಶರಣಾದದ್ದು ರಸೂಲಪುರದ ಮೊಗಲ್ ಬಿಡಾರದಲ್ಲಿ.

ಇನ್ನೊಂದು ದಿನವಿದ್ದರೆ ಬೆಳಗಾವಿ ಕೋಟೆಯನ್ನೂ ಸೇರಿಸಿಕೊಳ್ಳಿ. ಒಳಗಿನ ಸಫಾ ಮಸೀದಿ ಅಫಾಕಿ ಸರದಾರ ಅಸದ್ ಖಾನ್ ಲಾರಿಯ ಹೆಸರಿನದು. ಎರಡನೇ ಇಬ್ರಾಹಿಂನ ತಮ್ಮ ಇಸ್ಮಾಯಿಲ್ ಇದೇ ಕೋಟೆಯಲ್ಲಿ ಕಾವಲಿನಲ್ಲಿದ್ದು 1594ರಲ್ಲಿ ದಂಗೆ ಎದ್ದ. ದಿಲಾವರ್‌ನನ್ನು ಇಳಿಸಲು ನೆರವಾಗಿದ್ದ ಐನ್-ಉಲ್-ಮುಲ್ಕನೇ ಈಗ ಬಂಡಾಯದ ಬೆನ್ನಿಗೆ. ಅಡಗಿಸಲು ಬಂದ ಹಮೀದ್ ಖಾನ್ ತಾನೂ ದಂಗೆಕೋರರ ಕಡೆ ಸೇರುವವನಂತೆ ನಟಿಸಿ, ಎದುರುಗೊಳ್ಳಲು ಹೊರಬಂದವರ ಮೇಲೆ ಬಿದ್ದ. ಐನ್-ಉಲ್-ಮುಲ್ಕನ ತಲೆ ವಿಜಯಪುರಕ್ಕೆ ಹೋಯಿತು. ಇಸ್ಮಾಯಿಲ್ ಸೆರೆಸಿಕ್ಕಿ ಬಲಿಯಾದ. ಕೋಟೆಯ ಒಂದಷ್ಟು ಭಾಗ ಸೇನೆಯ ಕೈಯಲ್ಲಿದೆ; ಕಾವಲಿನವರನ್ನು ಕೇಳಿಕೊಂಡೇ ಮುಂದೆ ಹೋಗಬೇಕು.