ಬ್ಲೇಡು ಮೊದಲು, ರೇಜರ್ ಆಮೇಲೆ

ಹಳೆಯ ಸೇಫ್ಟಿ ರೇಜರ್‌ಗಳನ್ನು ಮತ್ತೆ ಕೆಲಸಕ್ಕೆ ಹಚ್ಚುವ ನನ್ನ ಪ್ರಾಜೆಕ್ಟ್ ಈಗ ಒಂದು ಹದಕ್ಕೆ ಬಂದಿದೆ. ಮೊದಲೆಲ್ಲ ಅವನ್ನು ಕಂಪನಿಯ ಹೆಸರು ನೋಡಿ ಜೋಡಿಸುತ್ತಿದ್ದೆ. ಈಗ ಬ್ಲೇಡಿನ ಆಕಾರ ನೋಡಿ ಜೋಡಿಸಿದ್ದೇನೆ. ಇದೇ ಸರಿ ಅನ್ನಿಸುತ್ತಿದೆ. ರೇಜರ್ ಎಷ್ಟೇ ಚೆನ್ನಾಗಿ ಉಳಿದಿರಲಿ, ಅದರ ಬ್ಲೇಡು ಸಿಗದಿದ್ದರೆ ಅದು ಗಾಜಿನ ಕಪಾಟಿಗೇ ಹೋಗಬೇಕು. ಹಾಗಾಗಿ ಪ್ರತಿಯೊಂದಕ್ಕೂ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಇದರ ಬ್ಲೇಡಿನ ಗತಿ ಏನು?

ಸುಲಭದ್ದು ಮೊದಲು ಮುಗಿಸಿಬಿಡುತ್ತೇನೆ. ಜಿಲೆಟ್‌ನ ಹಳೆಯ ಮೂರು ತುಂಡಿನ ರೇಜರ್‌ಗೆ ಯಾವ ತೊಂದರೆಯೂ ಇಲ್ಲ. ಕಿಂಗ್ ಕ್ಯಾಂಪ್ ಜಿಲೆಟ್‌ಗೆ 1904ರಲ್ಲಿ ಪೇಟೆಂಟ್ ಸಿಕ್ಕಿತು. ತೆಳ್ಳಗಿನ ಉಕ್ಕಿನ ಹಾಳೆಯನ್ನು ಗಟ್ಟಿ ಮಾಡಿ ಹರಿತ ಮಾಡುವ ಯಂತ್ರದ ಕೆಲಸ ವಿಲಿಯಂ ನಿಕರ್ಸನ್ ಅವರದು. ಆಗಿನ ಬ್ಲೇಡಿನಲ್ಲಿ ಮೂರು ದುಂಡು ತೂತುಗಳಿದ್ದವು. ಇಂದಿನ ಬ್ಲೇಡಿನ ನಡುವೆ ಇರೋದು ಉದ್ದನೆಯ ಸೀಳು. ಆ ಸೀಳು ನಡುವೆ ಮತ್ತು ಎರಡು ಕಡೆ ಸ್ವಲ್ಪ ಅಗಲವಾಗಿರುತ್ತದೆ, ಗಮನಿಸಿದ್ದೀರಾ? ಹಳೆಯ ರೇಜರ್‌ನ ಮೂರು ಗೂಟಗಳು ಸರಿಯಾಗಿ ಅಲ್ಲೇ ಕೂರುತ್ತವೆ. ನೂರು ವರ್ಷ ದಾಟಿದ ರೇಜರ್‌ಗೆ ಈಗಿನ ಬ್ಲೇಡು ಹಾಕಿ ಗಡ್ಡ ತೆಗೆಯಬಹುದು.

ಆ ಸೀಳಿನ ಹಿಂದೆ ದೊಡ್ಡ ಜಗಳವೇ ಇದೆ. ಆಟೋಸ್ಟ್ರಾಪ್ ಕಂಪನಿಯ ಹೆನ್ರಿ ಗೈಸ್‌ಮನ್ 1930ರ ಹೊತ್ತಿಗೆ ಪ್ರೋಬ್ಯಾಕ್ ಎಂಬ ಎರಡಂಚಿನ ಬ್ಲೇಡು ತಂದರು. ಜಿಲೆಟ್ ಕೂಡ ಅದೇ ವರ್ಷ ಹೊಸ ಬ್ಲೇಡು ತಂದಿತು. ಪೇಟೆಂಟ್ ವಿಚಾರ ಕೋರ್ಟಿಗೆ ಹೋಯಿತು. ಕೊನೆಗೆ ಎರಡೂ ಕಂಪನಿ ಒಂದಾದವು, ಗೈಸ್‌ಮನ್ ಜಿಲೆಟ್‌ನ ಅಧ್ಯಕ್ಷರಾದರು. ಹೊಸ ಬ್ಲೇಡಿನ ನಾಲ್ಕು ಮೂಲೆಗಳನ್ನೂ ಕತ್ತರಿಸಿದ್ದರು. ರೇಜರ್ ಕೈಜಾರಿ ಬಿದ್ದರೆ ಮುಚ್ಚಳದ ಮೂಲೆ ಬಾಗುತ್ತಿತ್ತು, ಬಾಗಿದ ಮೂಲೆ ಬ್ಲೇಡನ್ನು ಒತ್ತಿ ಅಲ್ಲಿ ಕೂದಲು ಎಳೆಯುತ್ತಿತ್ತು. ಅದಕ್ಕೇ ಮೂಲೆಯನ್ನೇ ತೆಗೆದುಹಾಕಿದರು. ಒಂದು ಬ್ಲೇಡಿನ ಮೂಲೆ ನೋಡಿ ಇಷ್ಟು ಕಥೆ ಹೇಳಬಹುದು ಅನ್ನೋದೇ ನನಗೆ ಖುಷಿ.

ಇನ್ನು ಜೆಮ್. ಇದರ ಬ್ಲೇಡಿಗೆ ಒಂದೇ ಅಂಚು, ಹಿಂಬದಿಗೆ ಮಡಚಿದ ತಗಡಿನ ಬೆನ್ನು. ದಪ್ಪ ಸುಮಾರು 0.23 ಮಿಲಿಮೀಟರ್, ಅಂದರೆ ಮಾಮೂಲಿ ಎರಡಂಚಿನ ಬ್ಲೇಡಿನ ಎರಡು ಪಟ್ಟಿಗಿಂತ ಜಾಸ್ತಿ. ಅದರ 1912 ಹೆಸರಿನ ಮಾದರಿಯಲ್ಲಿ ತಲೆಯನ್ನು ಡಬ್ಬಿಯ ಮುಚ್ಚಳದ ಹಾಗೆ ಎತ್ತಿ, ಬ್ಲೇಡು ಜಾರಿಸಿ, ಮುಚ್ಚಬೇಕು. ಆಗ ಸ್ಪ್ರಿಂಗ್ ಹಿಂದಿನಿಂದ ಬೆನ್ನನ್ನು ತಳ್ಳುತ್ತದೆ, ಎದುರಿನ ಎರಡು ತಡೆಗಳು ಬ್ಲೇಡನ್ನು ನಿಲ್ಲಿಸುತ್ತವೆ. ಆ ತಡೆಗಳು ಸವೆದಿದ್ದರೆ ಬ್ಲೇಡು ಓರೆಯಾಗುತ್ತದೆ. ಕೊಳ್ಳುವ ಮುಂಚೆ ನೋಡಬೇಕಾದ ಜಾಗ ಅದೊಂದೇ.

ಜೆಮ್‌ಗೆ ಬ್ಲೇಡು ಈಗಲೂ ಸಿಗುತ್ತದೆ. ಆದರೆ ಒಂದು ಎಚ್ಚರಿಕೆ. ಬಣ್ಣ ಕೆರೆಯುವ ಬ್ಲೇಡು ನೋಡೋಕೆ ಹೀಗೇ ಇರುತ್ತದೆ, ಒಳಗೆ ಕೂರಲೂಬಹುದು. ಅದನ್ನು ಮುಖಕ್ಕೆ ಮುಟ್ಟಿಸಬೇಡಿ. ಗಡ್ಡಕ್ಕೆ ಬೇಕಾದ್ದು ಲೇಪವಿರುವ ಸ್ಟೇನ್‌ಲೆಸ್ ಬ್ಲೇಡು. ಹಿಡಿಯುವ ರೀತಿಯೂ ಬೇರೆ: ತಲೆಯ ಚಪ್ಪಟೆ ಮೇಲ್ಭಾಗವನ್ನು ಕೆನ್ನೆಗೆ ಪೂರ್ತಿ ಒರಗಿಸಿ, ಅಲ್ಲಿಂದ ಒಂಚೂರು ಮಾತ್ರ ಎತ್ತಬೇಕು. ಕೂದಲು ಕತ್ತರಿಸುವಾಗ ಇಡೀ ರೇಜರ್ ಗಣಗಣ ಅನ್ನುತ್ತದೆ. ನನ್ನ ಹತ್ತಿರ ಇರುವುದರಲ್ಲಿ ಇದರಷ್ಟು ನುಣ್ಣಗೆ ತೆಗೆಯುವುದು ಇನ್ನೊಂದಿಲ್ಲ.

ಹೆಚ್ಚು ಹೊತ್ತು ಹೋಗುತ್ತಿರುವುದು ರೋಲ್ಸ್ ರೇಜರ್ ಮೇಲೆ. ಇಂಗ್ಲೆಂಡಿನದು. ಇದಕ್ಕೆ ಎಸೆಯುವ ಬ್ಲೇಡೇ ಇಲ್ಲ. ಕ್ಷೌರದ ಕತ್ತಿಯ ಒಂದು ಗಿಡ್ಡ ತುಂಡು ಅಂದುಕೊಳ್ಳಿ: ದಪ್ಪ ಬೆನ್ನು, ಹೊಟ್ಟೆ ಒಳಕ್ಕೆ ತೋಡಿದ ಅಲಗು. ಅದು ಒಂದು ಲೋಹದ ಡಬ್ಬಿಯೊಳಗೆ ಇರುತ್ತದೆ. ಡಬ್ಬಿಯ ಒಂದು ಮುಚ್ಚಳದಲ್ಲಿ ಸಾಣೆಕಲ್ಲು, ಇನ್ನೊಂದರಲ್ಲಿ ಚರ್ಮದ ಪಟ್ಟಿ. ಬೇಕಾದ ಮುಚ್ಚಳ ಇಟ್ಟುಕೊಂಡು ಇನ್ನೊಂದನ್ನು ತೆಗೆದು, ಹಿಡಿಯನ್ನು ಹಿಂದೆ ಮುಂದೆ ಎಳೆದರೆ ಆಯ್ತು. ಪ್ರತಿ ಎಳೆತದ ಕೊನೆಗೆ ಅಲಗು ತಾನೇ ಮಗುಚಿಕೊಳ್ಳುತ್ತದೆ. ಕಟಕ್, ಕಟಕ್. ಎರಡೂ ಮೈಗೆ ಸಮನಾಗಿ ಸಾಣೆ ಬೀಳುತ್ತದೆ.

ನನಗೆ ಸಿಕ್ಕಿದ ಡಬ್ಬಿಯ ಕಲ್ಲು ಬಿರುಕು ಬಿಟ್ಟಿರಲಿಲ್ಲ, ಅದೇ ಪುಣ್ಯ. ಆದರೆ ಹಳೆ ಎಣ್ಣೆ, ಉಕ್ಕಿನ ಪುಡಿ ಸೇರಿ ಗಾಜಿನಷ್ಟು ನುಣುಪಾಗಿತ್ತು. ಸೋಪಿನ ಬಿಸಿನೀರು, ಹಲ್ಲುಜ್ಜುವ ಬ್ರಷ್ ಹಿಡಿದು ತಿಕ್ಕಿದ ಮೇಲೆ ಕಲ್ಲಿನ ಕಣ ಬೆರಳಿಗೆ ಸಿಗತೊಡಗಿತು. ಆಮೇಲೆ ಅಲಗಿನ ಅಂಚಿಗೆ ಮಾರ್ಕರ್ ಪೆನ್ನಿನ ಕಪ್ಪು ಬಳಿದೆ. ಕಲ್ಲು ಎಲ್ಲಿ ಮುಟ್ಟುತ್ತದೋ ಅಲ್ಲಿ ಮಾತ್ರ ಕಪ್ಪು ಹೋಗುತ್ತದೆ. ಕೆಲವು ಎಳೆತದ ನಂತರ ಭೂತಗನ್ನಡಿಯಲ್ಲಿ ನೋಡಿದರೆ ನಡುಭಾಗ ಬೆಳ್ಳಗೆ ಹೊಳೆಯುತ್ತಿದೆ, ಎಡತುದಿಯಲ್ಲಿ ಕೂದಲೆಳೆಯಷ್ಟು ಕಪ್ಪು ಹಾಗೇ ಉಳಿದಿದೆ. ಹಿಂದಿನವರು ಸಾಣೆ ಹಿಡಿದಿದ್ದು ಎಲ್ಲೆಡೆ ಒಂದೇ ಸಮ ಇರಲಿಲ್ಲ ಅಂತಾಯ್ತು. ಕಪ್ಪು ಪೂರ್ತಿ ಹೋಗುವ ತನಕ ಬಿಡಲಿಲ್ಲ. ನಂತರ ಚರ್ಮದ ಸರದಿ. ಅದು ಒಣಗಿ ಬಿರುಸಾಗಿತ್ತು, ತುಸು ಎಣ್ಣೆ ಸವರಿ ರಾತ್ರಿಯಿಡೀ ಬಿಟ್ಟೆ. ಈಗ ಅಲಗು ಮುಂಗೈ ಕೂದಲನ್ನು ತಡೆಯಿಲ್ಲದೆ ತೆಗೆಯುತ್ತಿದೆ. ಗಲ್ಲದ ಕೆಳಗೆ ಮಾತ್ರ ಇನ್ನೂ ಸ್ವಲ್ಪ ಎಳೆತ ಇದೆ. ಚರ್ಮದ ಮೇಲೆ ಇನ್ನಷ್ಟು ಆಡಿಸಬೇಕು.

ಇದೇ ಜಾತಿಯ ಇನ್ನೊಂದು ಯೋಚನೆ ವಿಲ್ಕಿನ್ಸನ್ ಸ್ವೋರ್ಡ್‌ನ ಏಳು ಬ್ಲೇಡಿನ ಸೆಟ್. ವಾರದ ಒಂದೊಂದು ದಿನಕ್ಕೆ ಒಂದೊಂದು ದಪ್ಪ ಅಲಗು, ಬೆನ್ನ ಮೇಲೆ ಆಯಾ ದಿನದ ಹೆಸರು. ಏಳೂ ಉಳಿದ ಸೆಟ್ ಕೈಗೆಟಕುವ ಬೆಲೆಗೆ ಸಿಗೋದು ಕಷ್ಟ. ಸದ್ಯಕ್ಕೆ ನನ್ನಲ್ಲಿಲ್ಲ.

ಶಿಕ್ ಇಂಜೆಕ್ಟರ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ಅದು ತಂಟೆಯಿಲ್ಲದೆ ನಡೆಯುತ್ತಿದೆ. ಸೇನೆಯಲ್ಲಿದ್ದ ಜೇಕಬ್ ಶಿಕ್ 1920ರ ದಶಕದಲ್ಲಿ ತಂದ ಮೊದಲ ಮಾದರಿಯಲ್ಲಿ ಬ್ಲೇಡುಗಳು ಹಿಡಿಯೊಳಗೇ ಇದ್ದವು, ಬಂದೂಕಿನ ಮ್ಯಾಗಜೀನಿನಲ್ಲಿ ಗುಂಡು ಇದ್ದಂತೆ. ಆಮೇಲಿನವಕ್ಕೆ ಬೇರೆ ಡಬ್ಬಿ ಬಂತು. ಅದರ ಮೂತಿಯ ಕೀಲಿಯನ್ನು ರೇಜರ್ ತಲೆಗೆ ತೂರಿಸಿದರೆ ಬ್ಲೇಡನ್ನು ಒತ್ತಿ ಹಿಡಿದ ಸ್ಪ್ರಿಂಗ್ ಮೇಲೇಳುತ್ತದೆ. ಹೊಸ ಬ್ಲೇಡು ಒಳಗೆ ಬರುತ್ತಾ ಹಳೆಯದನ್ನು ಇನ್ನೊಂದು ಕಡೆಯಿಂದ ಹೊರದೂಡುತ್ತದೆ. ಕೈ ಅಂಚಿಗೆ ಮುಟ್ಟುವುದೇ ಇಲ್ಲ.

ಕಪಾಟಿಗೆ ಹೋದದ್ದು ಜಿಲೆಟ್‌ನ ಟೆಕ್‌ಮ್ಯಾಟಿಕ್. 1960ರ ದಶಕದ್ದು. ಬ್ಲೇಡಿನ ಬದಲು ಡಬ್ಬಿಯೊಳಗೆ ಸುತ್ತಿಟ್ಟ ಉಕ್ಕಿನ ರಿಬ್ಬನ್. ಸನ್ನೆ ತಿರುಗಿಸಿದರೆ ಹೊಸ ಅಂಚು ಮುಂದೆ ಬರುತ್ತದೆ. ಯೋಚನೆ ನನಗೆ ತುಂಬಾ ಹಿಡಿಸಿತು. ಆದರೆ ಆ ರಿಬ್ಬನ್ ಡಬ್ಬಿ ಹೊಸದಾಗಿ ಯಾರೂ ಮಾಡುತ್ತಿಲ್ಲ, ಮನೆಯಲ್ಲಿ ಮಾಡಿಕೊಳ್ಳುವಂಥದ್ದೂ ಅಲ್ಲ.

ಮೇಜಿನ ಮೇಲೆ ಬಾಕಿ ಇರುವುದು ಗೈಸ್‌ಮನ್ ಅವರದೇ ವ್ಯಾಲೆಟ್ ಆಟೋಸ್ಟ್ರಾಪ್. ಬ್ಲೇಡು ತೆಗೆಯದೆಯೇ ರೇಜರ್ ತಲೆಯ ಮೂಲಕ ಚರ್ಮದ ಪಟ್ಟಿ ತೂರಿಸಿ ಹಿಂದೆ ಮುಂದೆ ಎಳೆಯಬೇಕು. ಒಳಗಿನ ಉರುಳೆ ಬ್ಲೇಡನ್ನು ಆ ಕಡೆ ಈ ಕಡೆ ಮಗುಚುತ್ತದೆ. ನಿಕಲ್ ಲೇಪ ಚೆನ್ನಾಗಿದೆ, ಹಾಗಾಗಿ ಪಾಲಿಶ್ ಹಚ್ಚದೆ ಬರೀ ಸೋಪುನೀರಲ್ಲಿ ತೊಳೆದೆ. ಉರುಳೆ ಸಲೀಸಾಗಿ ತಿರುಗುತ್ತಿದೆ. ಮೂಲ ಪಟ್ಟಿ ಮಾತ್ರ ಮುಟ್ಟಿದರೆ ಹರಿಯುವಂತಿದೆ. ಹೊಸ ಚರ್ಮವನ್ನು ತಲೆಯ ಸಂದಿನ ಅಗಲಕ್ಕೆ ಕತ್ತರಿಸಬೇಕು. ದಪ್ಪವಾದರೆ ಒಳಗೆ ಹೋಗಲ್ಲ, ತೆಳುವಾದರೆ ಉರುಳೆಗೆ ಹಿಡಿತ ಸಿಗಲ್ಲ. ಬೇರೆ ಬೇರೆ ದಪ್ಪದ ತುಂಡುಗಳನ್ನು ತರಿಸಿಟ್ಟಿದ್ದೇನೆ. ಮುಂದಿನ ಕೆಲಸ ಅದೇ.