ಹೆಸರು ಬದಲಿಸಿದರೂ ನಿಲ್ಲುವ ಉತ್ತರ ಬೇಡ

14 ಅಕ್ಟೋಬರ್ 2024, ಸೋಮವಾರ

ಅರ್ಲಿ ಡಿಸಿಷನ್, ಅಂದರೆ ಸೀಟು ಸಿಕ್ಕರೆ ಸೇರುತ್ತೇನೆಂದು ಮಾತು ಕೊಟ್ಟು ಬೇಗ ಹಾಕುವ ಅರ್ಜಿ, ಅದರ ಗಡುವು ಕೆಲವು ಕಡೆ ನವೆಂಬರ್ 1, ಹಲವು ಕಡೆ 15. ಅಮೆರಿಕದ ಲಿಬರಲ್ ಆರ್ಟ್ಸ್ ಕಾಲೇಜುಗಳಿಗೆ (ಹೆಚ್ಚಾಗಿ ಪದವಿ ಓದಿಗೇ ಮೀಸಲಾದ, ಹಲವು ವಿಷಯ ಕಲಿಸುವ ಚಿಕ್ಕ ಕಾಲೇಜುಗಳು) ಹೊರದೇಶದಿಂದ ಅರ್ಜಿ ಹಾಕುವವರು ‘ನಮ್ಮ ಕಾಲೇಜೇ ಯಾಕೆ?’ ಎಂಬ ಪುಟ್ಟ ಪ್ರಬಂಧದ ಮುಂದೆ ತಲೆ ಕೆರೆದುಕೊಳ್ಳುವ ಹೊತ್ತು ಇದು. ಕರಡುಗಳಲ್ಲಿ ಬರುವ ಮಾತು ಹೆಚ್ಚುಕಡಿಮೆ ಒಂದೇ: ತರಗತಿ ಚಿಕ್ಕದು, ಪ್ರೊಫೆಸರುಗಳು ಕೈಗೆ ಸಿಗುತ್ತಾರೆ, ನಾಲ್ಕಾರು ವಿಷಯ ಕಲಿಯಬಹುದು. ಸುಳ್ಳೇನಲ್ಲ. ಆದರೆ ಕಾಲೇಜಿನ ಹೆಸರು ಅಳಿಸಿ ಬೇರೊಂದನ್ನು ಬರೆದರೂ ಆ ಪ್ರಬಂಧ ಹಾಗೇ ನಿಲ್ಲುತ್ತದಲ್ಲ, ತೊಂದರೆ ಅಲ್ಲಿದೆ.

ವಿಲಿಯಮ್ಸ್ ಕಾಲೇಜಿನ ಟ್ಯುಟೋರಿಯಲ್ ತೆಗೆದುಕೊಳ್ಳಿ. ಇಬ್ಬರು ವಿದ್ಯಾರ್ಥಿಗಳು, ಒಬ್ಬ ಪ್ರೊಫೆಸರ್, ವಾರಕ್ಕೊಂದು ಭೇಟಿ. ಈ ವಾರ ಒಬ್ಬರು ಪ್ರಬಂಧ ಬರೆದು ತಂದರೆ ಇನ್ನೊಬ್ಬರು ಅದನ್ನು ವಿಮರ್ಶಿಸಬೇಕು. ಮುಂದಿನ ವಾರ ಅದಲುಬದಲು. ಹಿಂದಿನ ಬೆಂಚಿನಲ್ಲಿ ಅಡಗಿ ಕೂರಲು ಜಾಗವೇ ಇಲ್ಲ. ‘ಚಿಕ್ಕ ತರಗತಿ ಇಷ್ಟ’ ಎನ್ನುವ ಬದಲು, ಇಂಥ ಕಡೆ ಯಾವ ವಾದವನ್ನು ಎದುರಿಗೆ ಕೂತವರ ಮುಂದೆ ಸಮರ್ಥಿಸಿಕೊಳ್ಳಲು ಆಸೆ ಎಂದು ಬರೆದರೆ ಓದುವವರು ತಲೆ ಎತ್ತಿ ನೋಡುತ್ತಾರೆ. ಆಮ್ಹರ್ಸ್ಟ್‌ನದು ಇನ್ನೊಂದು ದಾರಿ. ಮೊದಲ ವರ್ಷದ ಒಂದು ಸೆಮಿನಾರ್ ಮತ್ತು ಮೇಜರ್‌ಗೆ (ಆರಿಸಿಕೊಂಡ ಮುಖ್ಯ ವಿಷಯಕ್ಕೆ) ಬೇಕಾದವು ಬಿಟ್ಟರೆ ಕಡ್ಡಾಯ ಕೋರ್ಸುಗಳಿಲ್ಲ. ಗ್ರಿನೆಲ್‌ನಲ್ಲೂ ಸುಮಾರು ಹೀಗೇ. ಸ್ವಾತಂತ್ರ್ಯವನ್ನು ಹೊಗಳಿ ಸುಮ್ಮನಾದರೆ ಸಾಲದು, ಅದನ್ನು ಖರ್ಚು ಮಾಡುವ ಲೆಕ್ಕ ಕೊಡಬೇಕು. ಅರ್ಥಶಾಸ್ತ್ರದ ಜೊತೆ ಭೂವಿಜ್ಞಾನ ಓದಿ ಅಂತರ್ಜಲಕ್ಕೆ ಬೆಲೆ ಕಟ್ಟುವುದು ಹೇಗೆಂದು ನೋಡಬೇಕು ಅನ್ನುವುದು ಒಂದು ಲೆಕ್ಕ.

ವಿಜ್ಞಾನ ಓದುವವರಿಗೆ ಇಲ್ಲಿ ದೊಡ್ಡ ಲಾಭವೊಂದಿದೆ. ಪಿಎಚ್‌ಡಿ ವಿದ್ಯಾರ್ಥಿಗಳು ಇಲ್ಲದ ಕಾರಣ ಪ್ರಯೋಗಾಲಯದ ಕೆಲಸ ಪದವಿ ವಿದ್ಯಾರ್ಥಿಗಳ ಕೈಗೇ ಬರುತ್ತದೆ. ರಸಾಯನಶಾಸ್ತ್ರದ ನೊಬೆಲ್ ಪಡೆದ ಜೆನಿಫರ್ ಡೌಡ್ನಾ (2020) ಪದವಿ ಓದಿದ್ದು ಪೊಮೋನಾದಲ್ಲಿ, ಥಾಮಸ್ ಚೆಕ್ (1989) ಗ್ರಿನೆಲ್‌ನಲ್ಲಿ. ಆದರೆ ಇದೇ ನಾಣ್ಯದ ಇನ್ನೊಂದು ಮುಖವನ್ನು ಬಹಳ ಜನ ನೋಡುವುದಿಲ್ಲ. ನಾಲ್ಕೈದು ಜನ ಅಧ್ಯಾಪಕರಿರುವ ವಿಭಾಗದಲ್ಲಿ ಮುಂದುವರಿದ ಕೋರ್ಸುಗಳು ಪ್ರತಿ ವರ್ಷ ನಡೆಯುವುದಿಲ್ಲ. ಒಬ್ಬರು ಸಬ್ಯಾಟಿಕಲ್ ರಜೆ (ಸಂಶೋಧನೆಗೆಂದು ಸಿಗುವ ದೀರ್ಘ ರಜೆ) ಹಾಕಿದರೆ ಒಂದಿಡೀ ಉಪವಿಷಯ ಆ ವರ್ಷ ಕಾಣೆ. ಆದ್ದರಿಂದ ಕ್ಯಾಟಲಾಗ್ ನೋಡಿ ಮರುಳಾಗಬೇಡಿ. ಅದರಲ್ಲಿ ಕಾಲೇಜು ಎಂದಾದರೂ ಕಲಿಸುವುದೆಲ್ಲ ಇರುತ್ತದೆ. ರಿಜಿಸ್ಟ್ರಾರ್ ಪುಟದಲ್ಲಿ ಕಳೆದ ನಾಲ್ಕು ಸೆಮಿಸ್ಟರುಗಳ ವೇಳಾಪಟ್ಟಿ ತೆರೆದು, ನಿಮಗೆ ಬೇಕಾದ ಕೋರ್ಸು ನಿಜಕ್ಕೂ ಎಷ್ಟು ಸಲ ನಡೆದಿದೆ ಎಂದು ಎಣಿಸಿ. ಕೊರತೆ ಕಂಡರೆ ಒಕ್ಕೂಟದ ಕಾಲೇಜುಗಳತ್ತ ನೋಡಿ: ಆಮ್ಹರ್ಸ್ಟ್, ಸ್ಮಿತ್, ಮೌಂಟ್ ಹೋಲಿಯೋಕ್ ವಿದ್ಯಾರ್ಥಿಗಳು ಪಕ್ಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲೂ ಕೋರ್ಸು ಹಿಡಿಯಬಹುದು.

ಎಂಜಿನಿಯರಿಂಗ್ ಬೇಕಾದವರಿಗೆ ಹಲವು ಕಾಲೇಜುಗಳು 3-2 ಯೋಜನೆ ತೋರಿಸುತ್ತವೆ: ಮೂರು ವರ್ಷ ಇಲ್ಲಿ, ಎರಡು ವರ್ಷ ದೊಡ್ಡ ವಿಶ್ವವಿದ್ಯಾಲಯದಲ್ಲಿ. ಕಾಗದದ ಮೇಲೆ ಚೆಂದ. ಎರಡನೆಯ ಕಡೆ ಧನಸಹಾಯ ಮುಂದುವರಿಯುತ್ತದೆಂಬ ಖಾತ್ರಿ ಸಾಮಾನ್ಯವಾಗಿ ಇರುವುದಿಲ್ಲ, ವಿದೇಶಿಯರಿಗಂತೂ. ಸ್ವಾರ್ತ್‌ಮೋರ್, ಹಾರ್ವೆ ಮಡ್, ಸ್ಮಿತ್‌ಗಳಲ್ಲಿ ಎಂಜಿನಿಯರಿಂಗ್ ಪದವಿ ಅಲ್ಲೇ ಸಿಗುತ್ತದೆ. ಮೊದಲು ಅಂಥವನ್ನು ನೋಡುವುದು ಮೇಲು.

ಇನ್ನು ದುಡ್ಡು. ಆಮ್ಹರ್ಸ್ಟ್, ಬೋಡಿನ್‌ನಂಥ ಕೆಲವೇ ಕಾಲೇಜುಗಳು ವಿದೇಶಿ ಅರ್ಜಿದಾರರನ್ನೂ ನೀಡ್-ಬ್ಲೈಂಡ್ ಆಗಿ ಆರಿಸುತ್ತವೆ, ಅಂದರೆ ನೆರವು ಕೇಳಿದ್ದೀರೋ ಇಲ್ಲವೋ ಎಂದು ಸೀಟು ಕೊಡುವಾಗ ನೋಡುವುದಿಲ್ಲ. ಉಳಿದ ಹೆಚ್ಚಿನವು ನೋಡುತ್ತವೆ. ಹಾಗಾಗಿ ‘ಮೊದಲು ನೆರವು ಬೇಡ ಅಂತ ಹಾಕಿಬಿಡೋಣ, ಸೀಟು ಸಿಕ್ಕಮೇಲೆ ಕೇಳೋಣ’ ಎಂಬ ಸಲಹೆ ಓಡಾಡುತ್ತಿರುತ್ತದೆ. ಇದರಷ್ಟು ಕೆಟ್ಟ ಸಲಹೆ ಇನ್ನೊಂದಿಲ್ಲ. ಪ್ರವೇಶದ ಹೊತ್ತಿಗೆ ಕೇಳದ ವಿದೇಶಿ ವಿದ್ಯಾರ್ಥಿಗೆ ಆಮೇಲೆ ನಾಲ್ಕೂ ವರ್ಷ ನೆರವು ಕೊಡುವುದಿಲ್ಲ ಎಂಬ ನಿಯಮ ಎಷ್ಟೋ ಕಡೆ ಇದೆ. ಕೇಳುವುದಾದರೆ ಹಲವು ಕಾಲೇಜುಗಳಿಗೆ ಸಿಎಸ್‌ಎಸ್ ಪ್ರೊಫೈಲ್ (ಮನೆಯ ಹಣಕಾಸಿನ ವಿವರ ಕೇಳುವ ಅರ್ಜಿ) ತುಂಬಬೇಕು. ಎಫ್‌ಎಎಫ್‌ಎಸ್‌ಎ ಎಂಬ ಅಮೆರಿಕ ಸರ್ಕಾರದ ನೆರವಿನ ಅರ್ಜಿ ಅಲ್ಲಿನ ಪ್ರಜೆಗಳು ಮತ್ತು ಅರ್ಹ ನಿವಾಸಿಗಳಿಗೆ ಮಾತ್ರ; ಎಫ್-1 (ವಿದ್ಯಾರ್ಥಿ) ವೀಸಾದವರು ಅದರ ಗೋಜಿಗೆ ಹೋಗಬೇಕಿಲ್ಲ.

ಕಾಲೇಜಿನ ಕೈ ಎಷ್ಟು ಧಾರಾಳ ಎಂದು ತಿಳಿಯಲು ಕರಪತ್ರ ಬೇಡ. ಕಾಲೇಜಿನ ಹೆಸರಿನ ಜೊತೆ ‘ಕಾಮನ್ ಡೇಟಾ ಸೆಟ್’ ಎಂದು ಹುಡುಕಿ; ಅದು ಕಾಲೇಜು ಪ್ರತಿ ವರ್ಷ ಹೊರತರುವ ಅಂಕಿಅಂಶಗಳ ದಾಖಲೆ. ಅದರ ಎಚ್6 ಎಂಬ ಭಾಗದಲ್ಲಿ ಎಷ್ಟು ವಿದೇಶಿಯರಿಗೆ ನೆರವು ಸಿಕ್ಕಿತು, ಸರಾಸರಿ ಎಷ್ಟು ಡಾಲರ್ ಎಂಬುದಿದೆ. ಬಿ2ರಲ್ಲಿ ಒಟ್ಟು ವಿದೇಶಿಯರ ಸಂಖ್ಯೆ. ಭಾಗಿಸಿ ನೋಡಿದರೆ ಚಿತ್ರ ಸಿಗುತ್ತದೆ. ‘ಚಿಕ್ಕ ತರಗತಿ’ಯ ನಿಜವೂ ಐ-3ರಲ್ಲಿ ಬಯಲಾಗುತ್ತದೆ. ಅರ್ಜಿದಾರರು ತೋರಿಸುವ ಆಸಕ್ತಿಯನ್ನು ಕಾಲೇಜು ಲೆಕ್ಕಕ್ಕೆ ಹಿಡಿಯುತ್ತದೆಯೇ ಎಂಬುದು ಸಿ7ರಲ್ಲಿ. ಹಿಡಿಯುವುದಾದರೆ ಆನ್‌ಲೈನ್ ಮಾಹಿತಿ ಸಭೆಗೆ ಹೆಸರು ನೋಂದಾಯಿಸಿಯೇ ಕೂರಿ.

ಅರ್ಲಿ ಡಿಸಿಷನ್‌ನಲ್ಲಿ ಸೀಟು ಸಿಕ್ಕರೆ ಸೇರಲೇಬೇಕು, ಬೇರೆ ಅರ್ಜಿಗಳನ್ನು ಹಿಂತೆಗೆಯಬೇಕು. ಕೊಟ್ಟ ನೆರವು ಸಾಲದೆ ಓದು ಅಸಾಧ್ಯವಾದರೆ ಮಾತ್ರ ಬಿಡುಗಡೆ. ನಾಲ್ಕು ಕಡೆಯ ನೆರವನ್ನು ತಾಳೆ ನೋಡಬೇಕಾದ ಮನೆಯವರಿಗೆ ಇದು ಹೊಂದುವುದಿಲ್ಲ. ಜನವರಿಯ ರೆಗ್ಯುಲರ್ ಸುತ್ತಿಗೆ ಹಾಕಲಿ.

ಕೆಲಸದ ವಿಷಯದಲ್ಲಿ ಒಂದು ಸಣ್ಣ ಅಂಕಿ ದೊಡ್ಡ ವ್ಯತ್ಯಾಸ ಮಾಡುತ್ತದೆ. ಪದವಿಯ ನಂತರ ಎಫ್-1ರವರಿಗೆ ಒಪಿಟಿ ಎಂಬ ಕೆಲಸದ ತರಬೇತಿ ಪರವಾನಗಿಯಡಿ 12 ತಿಂಗಳು ಕೆಲಸ ಮಾಡಲು ಅವಕಾಶ. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ವಿಷಯಕ್ಕೆ ಇನ್ನೂ 24 ತಿಂಗಳು ಕೇಳಬಹುದು. ಅರ್ಥಶಾಸ್ತ್ರ ಸ್ಟೆಮ್ ಹೌದೋ ಅಲ್ಲವೋ ಎಂಬುದು ಕಾಲೇಜು ಹಾಕಿದ ಸಿಐಪಿ ಸಂಕೇತದ (ಓದುವ ವಿಷಯಗಳನ್ನು ವಿಂಗಡಿಸುವ ಅಮೆರಿಕದ ಸರ್ಕಾರಿ ಸಂಖ್ಯೆ) ಮೇಲೆ ನಿಂತಿದೆ: 45.0603 ಆದರೆ ಹೌದು, 45.0601 ಆದರೆ ಇಲ್ಲ. ಓದುವ ಪಾಠ ಹೆಚ್ಚುಕಡಿಮೆ ಅದೇ ಇರಬಹುದು, ಅದು ಬೇರೆ ಮಾತು. ಅರ್ಜಿ ಹಾಕುವ ಮುಂಚೆಯೇ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಇಮೇಲ್ ಹಾಕಿ, ಈ ಮೇಜರ್‌ನ ಸಂಕೇತ ಯಾವುದೆಂದು ಕೇಳಿ. ಮೇಜರ್ ಘೋಷಿಸಿದ ಮೇಲೆ ಹೊಸ ಐ-20 (ವೀಸಾಕ್ಕೆಂದು ಕಾಲೇಜು ಕೊಡುವ ಪತ್ರ) ಕೈಗೆ ಬಂದಾಗ ಅದೇ ಸಂಕೇತ ಇದೆಯೇ ಎಂದು ಇನ್ನೊಮ್ಮೆ ನೋಡಿಕೊಳ್ಳಿ.