ಕಡಲತೀರದ ಹಳೆ ಚಿತ್ರ: ಕೊಳೆ ತೆಗೆಯೋ ಕೆಲಸ ಎಲ್ಲಿಗೆ ಬಂತು

ಚಿತ್ರದಲ್ಲಿ ಆಕಾಶದ ಭಾಗದ ಕೊಳೆ ತೆಗೆದು ಮುಗಿಯಿತು. ಇದು ತುಮಕೂರಿನ ಬಿ.ಎಚ್. ರಸ್ತೆಯ ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಆಯಿಲ್ ಪೇಂಟಿಂಗ್. ಕಡಲತೀರದಲ್ಲಿ ಒಂದು ಕುಟುಂಬ: ಕೊಡೆ ಹಿಡಿದ ತಾಯಿ, ಮರಳಲ್ಲಿ ಆಡುವ ಇಬ್ಬರು ಮಕ್ಕಳು, ಸಮುದ್ರ ನೋಡುತ್ತಾ ನಿಂತ ಅಪ್ಪ. ಸಹಿ ಇಲ್ಲ. ಹಿಂದುಗಡೆ ಸ್ಟೇಪಲ್ ಪಿನ್ ಬದಲು ತುಕ್ಕು ಹಿಡಿದ ಮೊಳೆಗಳಿವೆ. ಹಳೇದು ಅನ್ನೋಕೆ ಅದೊಂದೇ ಸಾಲದು, ಆದರೂ ಖುಷಿಯಾಯಿತು.

ಮೊದಲು ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿದೆ. ಬಿರುಕುಗಳಿವೆ, ಚಕ್ಕೆ ಎದ್ದಿಲ್ಲ. ಎದ್ದಿದ್ದರೆ ನಾನು ಕೈಯೇ ಹಾಕುತ್ತಿರಲಿಲ್ಲ. ಮೆತ್ತನೆ ಬ್ರಷ್‌ನಲ್ಲಿ ಧೂಳು ತೆಗೆದೆ. ಆಮೇಲೆ ಬಿದಿರು ಕಡ್ಡಿಗೆ ಹತ್ತಿ ಸುತ್ತಿ, ಬಾಯಲ್ಲಿ ಒದ್ದೆ ಮಾಡಿ, ಉಜ್ಜದೆ ಸುಮ್ನೆ ಉರುಳಿಸುತ್ತಾ ಹೋದೆ. ಹೌದು, ಎಂಜಲೇ! "ಥೂ, ಎಂಜಲಲ್ಲಿ ಒರೆಸ್ತೀಯೇನೋ?" ಅಂದರು ಅಮ್ಮ. ಮ್ಯೂಸಿಯಂನವರೂ ಇದನ್ನೇ ಮಾಡ್ತಾರಮ್ಮ ಅಂದರೆ ನಂಬಲಿಲ್ಲ. ಎಂಜಲಿನಲ್ಲಿರುವ ಅಮೈಲೇಸ್‌ನಂಥ ಕಿಣ್ವಗಳು ಕೊಳೆಯನ್ನು ಸಡಿಲ ಮಾಡುತ್ತವೆ. ಕೊನೆಗೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಒಂದು ಸಲ ಚಿತ್ರಕ್ಕೆ ತಾಗಿದ ಹತ್ತಿ ಮತ್ತೆ ಬಾಯಿಗೆ ಹೋಗಬಾರದು. ಹಳೆ ಬಿಳಿ ಬಣ್ಣದಲ್ಲಿ ಸೀಸ ಇರುತ್ತದೆ.

ಹತ್ತಿ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಆಕಾಶ ಸ್ವಲ್ಪ ತಿಳಿಯಾಯಿತು, ಹಳದಿ ಮಾತ್ರ ಹೋಗಲಿಲ್ಲ. ಇಷ್ಟು ದಿನ ಇದನ್ನು ಸಂಜೆ ಅಂದುಕೊಂಡೇ ನೋಡುತ್ತಿದ್ದೆವು. ಈಗ ಮಕ್ಕಳ ನೆರಳು ಕಾಣುತ್ತಿದೆ: ಗಿಡ್ಡ ನೆರಳು, ಕಾಲ ಬುಡದಲ್ಲೇ. ಅಂದರೆ ಅದು ನಡು ಮಧ್ಯಾಹ್ನ, ಅಲ್ವಾ? ತಾಯಿ ಕೊಡೆ ಹಿಡಿದಿರುವುದೂ ಅದಕ್ಕೇ. ಸಂಜೆ ಮಾಡಿದ್ದು ವಾರ್ನಿಷ್, ಅಂದರೆ ಚಿತ್ರದ ಮೇಲೆ ಬಳಿದ ಪಾರದರ್ಶಕ ಲೇಪ. ಮರದ ರಾಳದಿಂದ ಮಾಡಿದ ವಾರ್ನಿಷ್ ವರ್ಷ ಕಳೆದ ಹಾಗೆ ಹಳದಿಯಾಗುತ್ತದೆ. ಕತ್ತಲ ಕೋಣೆಯಲ್ಲಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಬಿಟ್ಟರೆ ಇಡೀ ಚಿತ್ರ ಮಂಕು ಹಸಿರಾಗಿ ಹೊಳೆಯಿತು. ರಾಳದ ವಾರ್ನಿಷ್ ಹೊಳೆಯುವುದೇ ಹಾಗೆ.

ಫ್ರೆಂಚ್ ಕಲಾವಿದ ಕ್ಲಾಡ್ ಮೊನೆ 1870ರಲ್ಲಿ ಫ್ರಾನ್ಸಿನ ಟ್ರೂವಿಲ್ ಕಡಲತೀರದಲ್ಲಿ ಬರೆದ ಚಿತ್ರದ ಬಣ್ಣದೊಳಗೆ ಮರಳಿನ ಕಣಗಳಿವೆ, ಅಲ್ಲೇ ಕೂತು ಬರೆದದ್ದಕ್ಕೆ ಸಾಕ್ಷಿ. ನಾನೂ ಆಸೆಯಿಂದ ಲೆನ್ಸ್ ಹಿಡಿದು ಹುಡುಕಿದೆ. ಒಂದು ಕಣವೂ ಇಲ್ಲ. ನಮ್ಮ ಕಲಾವಿದರು ಬಹುಶಃ ಮನೆಯಲ್ಲೇ ಕೂತು ಬರೆದಿರಬೇಕು.

ವಾರ್ನಿಷ್ ತೆಗೆಯೋ ಕೆಲಸಕ್ಕೆ ನಾನು ಹೋಗಲ್ಲ. ಅಸಿಟೋನ್‌ನಂಥ ದ್ರಾವಕ ಸ್ವಲ್ಪ ಜಾಸ್ತಿಯಾದರೂ ವಾರ್ನಿಷ್ ಜೊತೆ ಬಣ್ಣವೂ ಬರುತ್ತದೆ. ಬೆಂಗಳೂರಿನಲ್ಲಿ ಸಂರಕ್ಷಣೆ ಕಲಿತವರಿಗೆ ತೋರಿಸಬೇಕು. ಅದಕ್ಕೂ ಮೊದಲು ಅಪ್ಪನ ಕೋಟು, ಕೆಳಗಿನ ಅಂಚು ಬಾಕಿ ಇವೆ. ಅಂಚಿನ ತುಂಬಾ ನೊಣದ ಹಿಕ್ಕೆ. ಅದು ಎಂಜಲಿಗೂ ಬಗ್ಗುತ್ತಿಲ್ಲ.